ಫೆಬ್ರುವರಿ 9: ಕ್ಯಾಲೆಂಡರ್‌ನಲ್ಲಿ ಕೆಂಪಾಗದ ತಾರೀಖು

ಕೇಳೋಕೆ ಪುರುಸೊತ್ತಿಲ್ಲ, ಓದ್ತೀವಿ ಅನ್ನೋರಿಗಾಗಿ ಈ ಕಂತಿನ ಬರಹರೂಪ ಇಲ್ಲಿದೆ. ಮಾತಾಡಿದ್ದನ್ನೇ ಬರೆದಿದ್ದೀನಿ, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ ಅಷ್ಟೇ.

2021ರ ಜೂನ್. ಲಾಕ್‌ಡೌನ್ ಅಂತ ನಾನು ಬೆಂಗಳೂರಿನ ರೂಮ್ ಖಾಲಿ ಮಾಡಿ ಊರಿಗೆ, ಅಂದ್ರೆ ಬೇಲೆಕೇರಿಗೆ ಬಂದು ಕೂತಿದ್ದೆ. ಬೇಲೆಕೇರಿ ಅಂದ ಕೂಡ್ಲೆ ನಿಮಗೆ 2010ರ ಅದಿರು ಹಗರಣ ನೆನಪಾಗತ್ತೆ, ಗೊತ್ತು. ನಮಗೆ ಅದು ಮೀನಿನ ಊರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಮಳೆ ಧೋ ಅಂತ. ನಾನು ಒಳಗೆ ಲ್ಯಾಪ್‌ಟಾಪ್ ಮುಂದೆ ಅಮೆರಿಕದ ಕ್ಲೈಂಟ್ ಒಬ್ಬರ ಸಂಬಳದ ಲೆಕ್ಕ ಮಾಡ್ತಾ ಕೂತಿದ್ದೆ. ಬಿಕಾಂ ಓದಿದ್ದಕ್ಕೆ ಸಿಕ್ಕ ಕೆಲಸ.

ಆ ವಾರ ಒಂದು ಮೇಲ್ ಬಂತು. ಜೂನ್ 18, ಶುಕ್ರವಾರ ರಜೆ, ಪೇರೋಲ್ ಕ್ಯಾಲೆಂಡರ್ ತಿದ್ದಿಕೊಳ್ಳಿ ಅಂತ. ವರ್ಷದ ಶುರುವಿನಲ್ಲಿ ಕೊಟ್ಟ ರಜೆ ಪಟ್ಟಿಯಲ್ಲಿ ಆ ದಿನ ಇರ್ಲೇ ಇಲ್ಲ. ಮಧ್ಯದಲ್ಲಿ ಹೊಸ ರಜೆ ಎಲ್ಲಿಂದ ಬಂತು ಅಂತ ಹುಡುಕಿದೆ. ಹಿಂದಿನ ದಿನವಷ್ಟೇ, ಜೂನ್ 17ಕ್ಕೆ, ಅಧ್ಯಕ್ಷ ಬೈಡನ್ ಸಹಿ ಹಾಕಿದ್ರು. ಗುಲಾಮಗಿರಿ ಮುಗಿದ ನೆನಪಿಗೆ ಜೂನ್ 19, ಅಂದ್ರೆ ಜೂನ್‌ಟೀಂತ್, ಇನ್ಮೇಲೆ ಇಡೀ ದೇಶಕ್ಕೆ ಸರಕಾರಿ ರಜೆ. 19 ಶನಿವಾರ ಬಿದ್ದದ್ದಕ್ಕೆ ಶುಕ್ರವಾರ ಬಿಡುವು.

ಅದರ ಕಥೆ ಚಿಕ್ಕದಾಗಿ ಹೇಳ್ತೀನಿ. ಲಿಂಕನ್ ವಿಮೋಚನೆಯ ಘೋಷಣೆ ಹೊರಡಿಸಿದ್ದು 1863ರ ಜನವರಿ 1ಕ್ಕೆ. ಟೆಕ್ಸಾಸ್‌ನ ಗಾಲ್ವೆಸ್ಟನ್ ಅನ್ನೋ ಬಂದರಿಗೆ ಜನರಲ್ ಗ್ರೇಂಜರ್ ಬಂದು ಅದನ್ನು ಜಾರಿ ಮಾಡಿದ್ದು 1865ರ ಜೂನ್ 19ಕ್ಕೆ. ನಡುವೆ ಎರಡೂವರೆ ವರ್ಷ. ಆ ರಾಜ್ಯದಲ್ಲಿದ್ದ ಸುಮಾರು ಎರಡೂವರೆ ಲಕ್ಷ ಜನ ಕಾಗದದ ಮೇಲೆ ಸ್ವತಂತ್ರರು, ಹೊಲದಲ್ಲಿ ಗುಲಾಮರು. ಆ ಆದೇಶದಲ್ಲಿ ಇನ್ನೊಂದು ಮಾತೂ ಇತ್ತು: ಬಿಡುಗಡೆ ಆದವರು ಸುಮ್ನೆ ಇದ್ದಲ್ಲೇ ಇದ್ದು ಕೂಲಿಗೆ ದುಡೀಲಿ ಅಂತ. ಆದ್ರೂ ಮರುವರ್ಷದಿಂದಲೇ ಜನ ಆ ದಿನವನ್ನ ಆಚರಿಸೋಕೆ ಶುರು ಮಾಡಿದ್ರು. ಅದನ್ನ ಸರಕಾರ ಒಪ್ಪೋಕೆ 156 ವರ್ಷ ಹಿಡೀತು. ಓಪಲ್ ಲೀ ಅನ್ನೋ ನಿವೃತ್ತ ಶಿಕ್ಷಕಿ 2016ರಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ, ಊರೂರಲ್ಲಿ ಎರಡೂವರೆ ಮೈಲಿ ನಡೆದು ಇದಕ್ಕಾಗಿ ಕೇಳಿದ್ರು. ಎರಡೂವರೆ ವರ್ಷ ತಡವಾಗಿದ್ದಕ್ಕೆ ಎರಡೂವರೆ ಮೈಲಿ.

ಇದನ್ನೆಲ್ಲ ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿಗೆ ಹೇಳಿದೆ. ಅಲ್ಲಿ ಆಳುಗಳನ್ನ ಬಿಟ್ಟ ದಿನಕ್ಕೆ ರಜೆಯಂತೆ ಅಜ್ಜಿ, ಅಂದೆ. ಅಜ್ಜಿ ಮೀನಿನ ಮುಳ್ಳು ಬಿಡಿಸ್ತಾ, "ನಮ್ಮಲ್ಲಿ ಯಾರು ಬಿಟ್ಟದ್ದು?" ಅಂತ ಕೇಳಿದ್ಲು.

ಆಮೇಲೆ ಅವಳೇ ಒಂದು ಕಥೆ ಹೇಳಿದ್ಲು. ಅವಳು ಹುಡುಗಿಯಾಗಿದ್ದಾಗ, 1950ರ ದಶಕದಲ್ಲಿ ಇರಬೇಕು, ಪಕ್ಕದ ಕೇರಿಯ ಒಬ್ಬ ಮದುವೆಗೆ ಸಾಲ ತಗೊಂಡು ಒಡೆಯರ ಮನೆಯಲ್ಲಿ ಆಳು ನಿಂತಿದ್ದ. ಎಷ್ಟು ಸಾಲ, ಎಷ್ಟು ತೀರಿತು, ಅವನಿಗೂ ಗೊತ್ತಿಲ್ಲ. ಬಿಟ್ಟರಾ ಅಂದೆ. "ಬಿಡೂದು ಎಂತ? ಅವ ಒಂದಿನ ಬೊಂಬಾಯಿಗೆ ಹೋದ. ತಮ್ಮನ್ನ ನಿಲ್ಲಿಸ್ಕಂಡ್ರು."

ಆ ತಮ್ಮನಿಗೆ ಆಗ ವಯಸ್ಸೆಷ್ಟು ಅಂತ ಕೇಳೋಕೆ ನನಗೆ ಹೊಳೀಲಿಲ್ಲ. ಅಜ್ಜಿ ಈಗಿಲ್ಲ. ಆದ್ರೆ ಅವಳ ಪ್ರಶ್ನೆ ಉಳೀತು. ನಮ್ಮಲ್ಲಿ ಗುಲಾಮಗಿರಿ, ಜೀತ ಮುಗಿದದ್ದು ಯಾವತ್ತು? ಮುಗಿದಿದ್ರೆ ಆ ತಾರೀಖು ಯಾರಿಗೂ ಯಾಕೆ ನೆನಪಿಲ್ಲ? ಈ ಕಂತು ಅದರ ಬಗ್ಗೆ.

ಮೊದಲ ತಾರೀಖು 1834ರ ಆಗಸ್ಟ್ 1. ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ ಕಾಯ್ದೆ ಜಾರಿಯಾದ ದಿನ. ಟ್ರಿನಿಡಾಡ್‌ನಲ್ಲಿ 1985ರಿಂದ ಅವತ್ತು ರಾಷ್ಟ್ರೀಯ ರಜೆ. ಆದ್ರೆ ಅದೇ ಕಾಯ್ದೆಯಲ್ಲಿ ಒಂದು ಸಾಲು: ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿರೋ ಪ್ರದೇಶಗಳಿಗೆ ಇದು ಅನ್ವಯಿಸೋದಿಲ್ಲ. ಅಂದ್ರೆ ನಮಗಲ್ಲ. ಲೆಕ್ಕದ ಹುಡುಗನಾಗಿ ಇಲ್ಲೊಂದು ಮಾತು ಹೇಳ್ಲೇಬೇಕು. ಆ ಕಾಯ್ದೆಯಡಿ ಬ್ರಿಟಿಷ್ ಸರಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಮಾಲೀಕರಿಗೆ. ದುಡಿದವರಿಗೆ ಸೊನ್ನೆ. ಆ ಪರಿಹಾರಕ್ಕೆ ಮಾಡಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ನಾನು ಪಿಯುಸಿ ಮುಗಿಸಿದ ವರ್ಷ!

ಹಾಗಾದ್ರೆ ನಮ್ಮ ಕಡೆ ಗುಲಾಮರು ಇದ್ರಾ? ಇದ್ರು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯ ಕಂಪನಿಯ ಆಜ್ಞೆ ಮೇರೆಗೆ ಕೆನರಾ ಕರಾವಳಿ ಸುತ್ತಿದ. ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆ ದಾಟಿ ಸದಾಶಿವಗಡದ ಕಡೆ ಹೋಗಿ ಆಮೇಲೆ ಘಟ್ಟ ಹತ್ತಿದ. ಕರಾವಳಿಯ ದಕ್ಷಿಣ ಭಾಗದಲ್ಲಿ ಬೇಸಾಯಕ್ಕೆ ಎರಡು ಬಗೆಯ ಆಳುಗಳನ್ನ ಅವನು ಗುರುತಿಸ್ತಾನೆ: ಕೂಲಿಯಾಳು ಮತ್ತು ಮೂಲದಾಳು. ಕೂಲಿಯಾಳು ದಿನಗೂಲಿಯವ. ಮೂಲದಾಳು ಅಂದ್ರೆ ಕೊಂಡುಕೊಂಡವನು. ಇಡೀ ದೇಶದ ಮಟ್ಟಿಗೆ ಬಾರ್ಟಲ್ ಫ್ರಿಯರ್ ಅನ್ನೋ ಅಧಿಕಾರಿ 1841ಕ್ಕೆ ಕೊಟ್ಟ ಅಂದಾಜು 80ರಿಂದ 90 ಲಕ್ಷ ಗುಲಾಮರು. ಅಂದಾಜೇ, ಆದ್ರೂ ಬ್ರಿಟಿಷರು ವಸಾಹತುಗಳಲ್ಲಿ ಬಿಡುಗಡೆ ಮಾಡಿದ ಸುಮಾರು 8 ಲಕ್ಷದ ಪಕ್ಕ ಇಟ್ಟು ನೋಡಿ.

ಎರಡನೇ ತಾರೀಖು 1843ರ ಏಪ್ರಿಲ್ 7. ಆ ವರ್ಷದ ಐದನೇ ಕಾಯ್ದೆ. ನಾಲ್ಕೇ ಕಲಮು. ಸರಕಾರಿ ಅಧಿಕಾರಿ ಯಾರನ್ನೂ ಗುಲಾಮ ಅಂತ ಹರಾಜು ಹಾಕೋ ಹಾಗಿಲ್ಲ. ಇವನು ನನ್ನ ಗುಲಾಮ ಅಂತ ಯಾರಾದ್ರೂ ಹಕ್ಕು ಹೇಳಿಕೊಂಡು ಬಂದ್ರೆ ಕೋರ್ಟು ಅದನ್ನ ಜಾರಿ ಮಾಡೋ ಹಾಗಿಲ್ಲ. ಗುಲಾಮ ಅನ್ನೋ ಕಾರಣಕ್ಕೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳೋ ಹಾಗಿಲ್ಲ. ಸ್ವತಂತ್ರ ಮನುಷ್ಯನಿಗೆ ಮಾಡಿದ್ರೆ ಯಾವುದು ಅಪರಾಧವೋ, ಗುಲಾಮನಿಗೆ ಮಾಡಿದ್ರೂ ಅದು ಅಪರಾಧ.

ಚೆನ್ನಾಗೇ ಇದೆ ಅನ್ಸತ್ತೆ ಅಲ್ವಾ? ಇನ್ನೊಂದ್ಸಲ ಓದಿ. 'ಇವತ್ತಿನಿಂದ ನೀನು ಸ್ವತಂತ್ರ' ಅಂತ ಆ ನಾಲ್ಕು ಕಲಮಿನಲ್ಲಿ ಎಲ್ಲೂ ಇಲ್ಲ. ಗುಲಾಮನನ್ನ ಇಟ್ಕೊಂಡರೆ ಶಿಕ್ಷೆ ಅಂತಾನೂ ಇಲ್ಲ. ಕೋರ್ಟು ಮಾಲೀಕನ ಸಹಾಯಕ್ಕೆ ಬರೋದಿಲ್ಲ, ಅಷ್ಟೇ. ಅದರ ಲಾಭ ಸಿಗಬೇಕಾದ್ರೆ ಗುಲಾಮನಿಗೆ ಆ ಕಾಯ್ದೆ ಬಂದಿದೆ ಅಂತ ಗೊತ್ತಿರಬೇಕು, ಅವನು ಎದ್ದು ಹೋಗಬೇಕು, ಹೋಗೋಕೆ ಒಂದು ಜಾಗ ಇರಬೇಕು. ಗಾಲ್ವೆಸ್ಟನ್‌ನಲ್ಲಿ ತಡವಾಗಿಯಾದ್ರೂ ಒಬ್ಬ ಬಂದು ಓದಿ ಹೇಳಿದ. ಇಲ್ಲಿ ಗದ್ದೆಬದುವಿಗೆ ಯಾರೂ ಬರ್ಲಿಲ್ಲ. ಮಾಲೀಕರಿಗೆ ಪರಿಹಾರ ಕೊಡೋ ಖರ್ಚೂ ಇಲ್ಲ, ಅವರ ಸಿಟ್ಟೂ ಇಲ್ಲ. ಕಂಪನಿಯ ದೃಷ್ಟಿಯಿಂದ ಬಹಳ ಅಗ್ಗದ ಕಾಯ್ದೆ ಅದು.

1862ರ ಜನವರಿ 1ಕ್ಕೆ ಭಾರತೀಯ ದಂಡ ಸಂಹಿತೆ ಜಾರಿಗೆ ಬಂತು. 370ನೇ ಕಲಮಿನ ಪ್ರಕಾರ ಮನುಷ್ಯರನ್ನ ಗುಲಾಮರಾಗಿ ಕೊಳ್ಳೋದು, ಮಾರೋದು ಅಪರಾಧವಾಯ್ತು. ಅದೇ ವರ್ಷ ನಮ್ಮ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಪಠ್ಯಪುಸ್ತಕದಲ್ಲಿ ಎರಡನೇದು ಇದೆ, ಮೊದಲನೇದು ಇಲ್ಲ.

ಈಗ ಕಾರವಾರದ ಗಡಿಯಾಚೆ ನೋಡಿ. ಗೋವಾದಲ್ಲಿ 1510ರಿಂದ ಪೋರ್ಚುಗೀಸರು. ಆಫ್ರಿಕಾದ ಮೊಜಾಂಬಿಕ್ ಕಡೆಯಿಂದ ಜನರನ್ನ ಹಡಗಲ್ಲಿ ತಂದು ಗೋವಾದಲ್ಲಿ ಮಾರ್ತಿದ್ರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ರು. ಇವತ್ತು ಯಲ್ಲಾಪುರ, ಹಳಿಯಾಳ, ಜೋಯಿಡಾ, ಮುಂಡಗೋಡ, ನಮ್ಮ ಅಂಕೋಲೆಯ ಘಟ್ಟದ ಕಡೆ ಇರೋ ಸಿದ್ದಿಗಳಲ್ಲಿ ಬಹಳಷ್ಟು ಜನರ ಹಿನ್ನೆಲೆ ಇದು ಅಂತಾರೆ ಇತಿಹಾಸಕಾರರು. ಎಲ್ಲ ಸಿದ್ದಿಗಳೂ ಗುಲಾಮರ ಸಂತತಿ ಅಂತ ಒಂದೇ ಸಾಲಲ್ಲಿ ಮುಗಿಸೋದು ತಪ್ಪು. ಸೈನಿಕರಾಗಿ, ನಾವಿಕರಾಗಿ ಬಂದವರೂ ಇದ್ರು. ಗುಲಾಮನಾಗಿ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ಆದ್ರೆ ನಮ್ಮ ಕಾಡಿನ ಸಿದ್ದಿಗಳ ಪೂರ್ವಿಕರ ಮಟ್ಟಿಗೆ ಬಿಡುಗಡೆ ಅಂದ್ರೆ ತಾವೇ ಓಡಿ ಬಂದದ್ದು. ಯಾರೂ ಕೊಟ್ಟದ್ದಲ್ಲ. ಹಾಗಾಗಿ ತಾರೀಖೂ ಇಲ್ಲ.

ಪೋರ್ಚುಗಲ್ ತನ್ನ ಕಡೆಯಿಂದ ಗುಲಾಮಗಿರಿ ರದ್ದು ಅಂದದ್ದು 1869ರ ಫೆಬ್ರುವರಿ 25ಕ್ಕೆ. ಅಲ್ಲೂ ಒಂದು ಕೊಕ್ಕೆ. ಗುಲಾಮರು ಅವತ್ತಿನಿಂದ 'ಲಿಬರ್ಟೊ', ಅಂದ್ರೆ ಬಿಡುಗಡೆಯಾದವರು. ಆದ್ರೆ ಆ ಆಜ್ಞೆಯ ಪ್ರಕಾರ 1878ರವರೆಗೆ ಅದೇ ಯಜಮಾನರಿಗೆ ದುಡೀಬೇಕು. ಹೆಸರು ಬದಲಾಯ್ತು, ಮನೆ ಬದಲಾಗ್ಲಿಲ್ಲ.

ಘಟ್ಟ ಹತ್ತಿದ ಸಿದ್ದಿಗಳ ಕಥೆಯೂ ಅಲ್ಲಿಗೆ ಮುಗೀಲಿಲ್ಲ. ಭೂಮಿ ಇಲ್ಲ, ಕಾಡು ಇಲಾಖೆಯದ್ದು, ಕೈಸಾಲಕ್ಕೆ ತೋಟದ ಒಡೆಯರು. ಸಾಲ ಕಟ್ಟೋಕೆ ದುಡಿಯೋದು, ದುಡಿಯುವಾಗ ಮತ್ತೆ ಸಾಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಶಾಸನಸಭೆಗೆ ಹೋದ ಆ ಸಮುದಾಯದ ಮೊದಲಿಗರು. ಆ ದಿನ ಇನ್‌ಸ್ಟಾದಲ್ಲಿ ದಮಾಮಿ ಕುಣಿತದ ವಿಡಿಯೋ ಹಂಚಿದವರಲ್ಲಿ ನಾನೂ ಒಬ್ಬ. ಆ ಜನ ಇಲ್ಲಿಗೆ ಹೇಗೆ ಬಂದ್ರು ಅಂತ ನನಗೆ ಆಗ ಸರಿಯಾಗಿ ಗೊತ್ತಿರ್ಲಿಲ್ಲ.

ಇಲ್ಲಿ ಕೆಲವರು ಕೇಳ್ಬಹುದು: ಆಗಸ್ಟ್ 15, ಜನವರಿ 26 ಇದೆಯಲ್ಲ, ಮತ್ತೆ ಇನ್ನೊಂದು ದಿನ ಯಾಕೆ? ನ್ಯಾಯವಾದ ಪ್ರಶ್ನೆ. ಸಂವಿಧಾನದ 23ನೇ ವಿಧಿ ಮನುಷ್ಯರ ವ್ಯಾಪಾರ, ಬಿಟ್ಟಿ ಚಾಕರಿ, ಬಲವಂತದ ದುಡಿಮೆ ಎಲ್ಲವನ್ನೂ ನಿಷೇಧಿಸತ್ತೆ. ಅದು ಜಾರಿಗೆ ಬಂದದ್ದು 1950ರ ಜನವರಿ 26ಕ್ಕೇ. ಆದ್ರೆ ಶಿಕ್ಷೆ ಎಷ್ಟು ಅನ್ನೋದನ್ನ ಸಂಸತ್ತು ಕಾಯ್ದೆ ಮಾಡಿ ಹೇಳಬೇಕಿತ್ತು. ಜೀತದ ಬಗ್ಗೆ ಇಡೀ ದೇಶಕ್ಕೆ ಅಂಥ ಕಾಯ್ದೆ ಬರೋಕೆ 26 ವರ್ಷ ಬೇಕಾಯ್ತು. ಅಜ್ಜಿಯ ಪಕ್ಕದ ಕೇರಿಯವನು ಬೊಂಬಾಯಿಗೆ ಓಡಿದ್ದು, ತಮ್ಮನ್ನ ನಿಲ್ಲಿಸ್ಕೊಂಡದ್ದು ಈ 26 ವರ್ಷದ ಒಳಗೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಅಕ್ಟೋಬರ್ 25ಕ್ಕೆ ಸುಗ್ರೀವಾಜ್ಞೆ ಜಾರಿಗೆ ಬಂತು. ಅದು ಕಾಯ್ದೆಯಾದದ್ದು 1976ರ ಫೆಬ್ರುವರಿ 9ಕ್ಕೆ: ಜೀತ ಕಾರ್ಮಿಕ ಪದ್ಧತಿ ನಿರ್ಮೂಲನಾ ಕಾಯ್ದೆ. 1843ರದಕ್ಕೂ ಇದಕ್ಕೂ ಅಜಗಜಾಂತರ. ಇದರಲ್ಲಿ ನೇರವಾಗಿ ಬರೆದಿದೆ: ಜೀತ ರದ್ದು, ಜೀತದಾಳು ಇವತ್ತಿನಿಂದ ಬಿಡುಗಡೆ, ಅವನ ಸಾಲವೂ ಮನ್ನಾ. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದ್ದು. ಮೂರು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಬಿ.ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಬಂದದ್ದೂ 1975ರಲ್ಲೇ. ಕಾರಂತಜ್ಜ ಆ ಕಾದಂಬರಿ ಬರೆದದ್ದು 1933ರಲ್ಲಿ. ಕಾದಂಬರಿಗೂ ಕಾಯ್ದೆಗೂ ನಡುವೆ ನಲವತ್ತಕ್ಕೂ ಹೆಚ್ಚು ವರ್ಷ.

ಕರ್ನಾಟಕದಲ್ಲಿ ಈ ಕಾಯ್ದೆಯಡಿ ಸರಕಾರ ಗುರುತಿಸಿದ ಜೀತದಾಳುಗಳು 63 ಸಾವಿರಕ್ಕೂ ಹೆಚ್ಚು. ಕಾರವಾರದಂಥ ಊರಿನ ಜನಸಂಖ್ಯೆಯಷ್ಟು. ಫೆಬ್ರುವರಿ 9ರಂದು ಸರಕಾರಿ ಕಚೇರಿಗಳಲ್ಲಿ ಜೀತ ಪದ್ಧತಿ ನಿರ್ಮೂಲನಾ ದಿನ ಆಚರಿಸ್ತಾರೆ. ಅಧಿಕಾರಿಗಳು ಸಾಲಾಗಿ ನಿಂತು, ಕೈ ಮುಂದೆ ಚಾಚಿ ಪ್ರತಿಜ್ಞೆ ತಗೋತಾರೆ. ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಫೋಟೋ. ಅಂದ್ರೆ ದಿನಕ್ಕೆ ಸರಕಾರದ ಮನ್ನಣೆ ಇಲ್ಲ ಅಂತಲ್ಲ. ಇದೆ. ಆದ್ರೆ ಅದು ಕಚೇರಿಯ ಒಳಗಿನ ದಿನ. ನನ್ನ ಪರಿಚಯದ ಹತ್ತು ಜನಕ್ಕೆ ಫೋನ್ ಮಾಡಿ ಫೆಬ್ರುವರಿ 9 ಏನು ಅಂತ ಕೇಳಿದೆ. ಇಬ್ಬರು ಪ್ರೇಮಿಗಳ ವಾರದ ಚಾಕೊಲೇಟ್ ದಿನ ಅಂದ್ರು. ಅದೂ ಸರಿಯೇ, ತಪ್ಪು ಹೇಳೋಕಾಗಲ್ಲ.

ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ಇನ್ನೊಂದು ಕಾಯ್ದೆಯಿಂದ. ಅದೇ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿ ಒಡೆಯ ಆಗಬಹುದು ಅಂತಾಯ್ತು. ನಮ್ಮ ಕಡೆ ಯಾವ ಮನೆಯ ಹಿರಿಯರನ್ನ ಬೇಕಾದ್ರೂ ಕೇಳಿ, 'ಏಳನೇ ನಂಬರ್ ಫಾರ್ಮ್' ಅಂದ್ರೆ ಗೊತ್ತು. ಯಾರು ಬರೆದುಕೊಟ್ಟರು, ಟ್ರಿಬ್ಯುನಲ್ ಮುಂದೆ ಏನಂದ್ರು, ಯಾರು ಕೊನೆಯ ಗಡುವು 1979ರ ಜೂನ್ 30 ದಾಟಿಸಿಕೊಂಡು ಜಮೀನು ಕಳ್ಕೊಂಡ್ರು, ಎಲ್ಲ ನೆನಪಿದೆ. ಅದಕ್ಕೆ ಮೊದಲೇ ಇಲ್ಲಿ ನೆಲ ಹದವಾಗಿತ್ತು. ನಮ್ಮ ಅಂಕೋಲೆಯ ದಿನಕರ ದೇಸಾಯಿ, ಚುಟುಕು ಬರೆದವರು ಅಂತ ನಾವು ಶಾಲೆಯಲ್ಲಿ ಓದ್ತೀವಲ್ಲ, ಅವರು ಗೇಣಿದಾರರನ್ನ ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನ ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು.

ವ್ಯತ್ಯಾಸ ಇಲ್ಲಿದೆ ಅಂತ ನನಗನಿಸತ್ತೆ. ಗೇಣಿ ಕಾಯ್ದೆಯಲ್ಲಿ ಮೊದಲ ಹೆಜ್ಜೆ ಇಡಬೇಕಿದ್ದವನು ಒಕ್ಕಲು. ಅವನ ಕೈಯಲ್ಲಿ ಒಂದು ಫಾರ್ಮ್ ಇತ್ತು, ತಾರೀಖಿತ್ತು, ಎದುರಾಳಿ ಇದ್ದ. ಜೀತ ಕಾಯ್ದೆಯಲ್ಲಿ ಅಧಿಕಾರಿ ಬಂದು 'ಗುರುತಿಸಬೇಕು'. ಗುರುತಿಸಿದ್ರೆ ಬಿಡುಗಡೆ ಪ್ರಮಾಣಪತ್ರ. ಅದಿದ್ರೆ ಪುನರ್ವಸತಿಯ ಹಣ: 1978ರಲ್ಲಿ 4,000 ರೂಪಾಯಿ ಇತ್ತು, 2016ರಿಂದ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ. ಪೂರ್ತಿ ಹಣ ಸಿಗೋದು ಮಾಲೀಕನಿಗೆ ಶಿಕ್ಷೆಯಾದ ಮೇಲೆ. ಕೇಸ್ ಎಷ್ಟು ವರ್ಷ ನಡೆಯತ್ತೆ ಅಂತ ನಿಮಗೇ ಗೊತ್ತು. ಅಷ್ಟರಲ್ಲಿ ಹೊಟ್ಟೆಗೆ? ತಕ್ಷಣದ ನೆರವು 30,000 ರೂಪಾಯಿವರೆಗೆ. ಈ ಸರಪಳಿಯಲ್ಲಿ ದುಡಿಯುವವನು ಎಲ್ಲ ಕಡೆ ಕಾಯೋನು. ಕಾಯ್ದು ಪಡೆದದ್ದಕ್ಕೆ ಜನ ಹಬ್ಬ ಮಾಡಲ್ಲ.

ರಜೆಯ ವಿಷಯಕ್ಕೆ ಬರೋಣ. ಬಿಕಾಂನಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಅಂತ ಒಂದು ಪೇಪರ್ ಇತ್ತು, 1881ರದ್ದು. ಚೆಕ್ಕು, ಹುಂಡಿ, ಪ್ರಾಮಿಸರಿ ನೋಟಿನ ಕಾಯ್ದೆ. 'ಸಾರ್ವಜನಿಕ ರಜೆ' ಅಂದ್ರೇನು ಅನ್ನೋ ವಿವರಣೆ ಅದರ 25ನೇ ಕಲಮಿನಲ್ಲಿದೆ. ಇವತ್ತಿಗೂ ಬ್ಯಾಂಕ್ ರಜೆ ಘೋಷಣೆಯಾಗೋದು ಅದರಡಿಯೇ. ಸಾಲದ ಕಾಗದದಲ್ಲಿ ರಜೆಗೇನು ಕೆಲಸ ಅಂದ್ರೆ, ಬಾಕಿ ತೀರಿಸೋ ದಿನ ರಜೆ ಬಿದ್ರೆ ಹಿಂದಿನ ಕೆಲಸದ ದಿನವೇ ಗಡುವು ಅಂತ ಲೆಕ್ಕ. ಸಾಲ ಪಡೆದವನಿಗೆ ರಜೆಯಿಂದ ಒಂದು ದಿನ ಕಮ್ಮಿ! ಪರೀಕ್ಷೆಗೆ ಬಾಯಿಪಾಠ ಮಾಡಿದಾಗ ನಗು ಬಂದಿರ್ಲಿಲ್ಲ, ಈಗ ಬರತ್ತೆ.

ಹಾಗಾಗಿ ಫೆಬ್ರುವರಿ 9ಕ್ಕೆ ರಜೆ ಕೊಡಿ ಅಂತ ನಾನು ಕೇಳಬೇಕಾ ಅನ್ನೋದರಲ್ಲಿ ನನಗೇ ಗೊಂದಲ ಇದೆ. ರಜೆ ಸಿಗೋದು ಬ್ಯಾಂಕಿನವರಿಗೆ, ಶಾಲೆಗೆ, ಕಚೇರಿಗೆ. ಇಟ್ಟಿಗೆ ಗೂಡಿನಲ್ಲಿ ಮುಂಗಡ ತಗೊಂಡು ಕೂತವನಿಗೆ ಅವತ್ತೂ ಕೆಲಸ. ಇನ್ನೊಂದು ಕಡೆ, ಕೆಂಪು ಅಕ್ಷರದಲ್ಲಿ ಬಂದ್ರೆ ಒಂದು ಮಗುವಾದ್ರೂ ಗೋಡೆ ನೋಡಿ ಇದ್ಯಾವ ರಜೆ ಅಂತ ಕೇಳತ್ತೆ. ನಾನು ಕೇಳಿದ್ದೂ ಹಾಗೇ, ಅದೂ ಬೇರೆ ದೇಶದ ಕ್ಯಾಲೆಂಡರ್ ನೋಡಿ. ಓಪಲ್ ಲೀ ನಡೆದದ್ದು ಒಂದು ದಿನದ ನಿದ್ದೆಗಾಗಿ ಅಲ್ಲವಲ್ಲ. ಕಾಯ್ದೆಗೆ ಐವತ್ತು ತುಂಬಿದ್ದು 2026ರ ಫೆಬ್ರುವರಿ 9ಕ್ಕೆ. ಸೋಮವಾರ. ಎಲ್ಲರಿಗೂ ಮಾಮೂಲಿ ಕೆಲಸದ ದಿನ.

ರಜೆ ಇರಲಿ, ಬಿಡಲಿ, ನನಗೆ ಮುಖ್ಯ ಅನಿಸಿದ್ದು ಕಾಯ್ದೆಯ ಎರಡನೇ ಕಲಮು. ಮುಂಗಡ ತಗೊಂಡವರೆಲ್ಲ ಜೀತದವರಲ್ಲ, ಇದನ್ನ ಸ್ಪಷ್ಟವಾಗಿ ಹೇಳಿಬಿಡ್ತೀನಿ. ನಮ್ಮ ಬಂದರಿನಲ್ಲಿ ಸೀಸನ್ ಶುರುವಾಗೋ ಮೊದಲು ಮುಂಗಡ ಕೊಡೋದು, ತಗೊಳ್ಳೋದು ಮಾಮೂಲು, ಅದರಲ್ಲಿ ನನ್ನ ಮನೆಯವರೂ ಇದ್ದಾರೆ. ಮುಂಗಡದ ಜೊತೆ ನಾಲ್ಕರಲ್ಲಿ ಯಾವುದಾದ್ರೂ ಒಂದು ಸೇರಿದ್ರೆ ಅದು ಜೀತ. ಕೂಲಿ ಇಲ್ಲದೆ ಅಥವಾ ನಾಮಕಾವಸ್ತೆ ಕೂಲಿಗೆ ದುಡಿಸೋದು. ಬೇರೆ ಕಡೆ ಕೆಲಸಕ್ಕೆ ಹೋಗೋಕೆ ಬಿಡದೇ ಇರೋದು. ಊರು ಬಿಟ್ಟು ಓಡಾಡೋಕೆ ಬಿಡದೇ ಇರೋದು. ನಾಲ್ಕನೇದನ್ನ ನಮ್ಮೂರಿನವರು ಗಮನ ಇಟ್ಟು ಕೇಳಬೇಕು: ತನ್ನ ಮಾಲನ್ನ ಮಾರ್ಕೆಟ್ ದರಕ್ಕೆ ಮಾರೋ ಹಕ್ಕನ್ನ ಕಿತ್ತುಕೊಳ್ಳೋದು. 1982ರಲ್ಲಿ ಏಷ್ಯಾಡ್ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸೋದೂ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೆಯೇ ಅಂದಿತು. ಅಪ್ಪ ಮಾಡಿದ ಸಾಲಕ್ಕೆ ಮಗ ನಿಂತ್ರೂ ಅದು ಜೀತವೇ. ಅಜ್ಜಿ ಹೇಳಿದ ಅಣ್ಣ-ತಮ್ಮನ ಕಥೆ ಈಗ ನಡೆದಿದ್ರೆ ಕೇಸು ಆಗ್ತಿತ್ತು.

ಈ ನಾಲ್ಕನ್ನ ಕನ್ನಡದಲ್ಲಿ, ಕೊಂಕಣಿಯಲ್ಲಿ ಒಂದೊಂದು ನಿಮಿಷದ ಆಡಿಯೋ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಟ್ಟಿದ್ದೆ. ಕಳೆದ ಸೀಸನ್‌ನಲ್ಲಿ ಜೆಟ್ಟಿಯಲ್ಲಿ ಬಲೆ ಎಳೀತಿದ್ದ ಒಬ್ಬ ಹುಡುಗನಿಗೆ ಕೇಳಿಸಿದೆ. ಅವನು ಒಡಿಶಾದವನು. ಪೂರ್ತಿ ಕೇಳಿ, ಚೆನ್ನಾಗಿದೆ ಭಯ್ಯಾ, ಆದ್ರೆ ಏನು ಹೇಳಿದ್ದು ಅಂತ ಹಿಂದಿಯಲ್ಲಿ ಕೇಳಿದ. ಬೋಟಿನಲ್ಲಿ ನಮ್ಮವರು ಆರು ಜನ ಇದ್ದೀವಿ, ಒಡಿಯಾದಲ್ಲಿ ಇದ್ರೆ ಕಳಿಸಿ ಅಂದ.

ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿಯೋದು ಆಗಸ್ಟ್ 1ಕ್ಕೆ. ಟ್ರಿನಿಡಾಡ್‌ನವರ ರಜೆಯ ದಿನ. ಅಷ್ಟರೊಳಗೆ ಆಡಿಯೋ ರೆಡಿ ಆಗಬೇಕು. ಕೇಳುಗರಲ್ಲಿ ಒಡಿಯಾ ಬರೋರು ಯಾರಾದ್ರೂ ಇದ್ರೆ, ಒಂದೂವರೆ ಪುಟ ಇದೆ ಅಷ್ಟೇ, ಓದಿ ರೆಕಾರ್ಡ್ ಮಾಡಿ ಕಳಿಸಿ. ಮೈಕ್ ಬೇಡ, ಫೋನ್ ಸಾಕು. ಹಿಂದೆ ಫ್ಯಾನ್ ಮಾತ್ರ ಆಫ್ ಮಾಡ್ಕೊಳ್ಳಿ.